ಎಸ್ಸೆಸ್ಸೆಲ್ಸಿ ಮುಗಿದ ಮೇಲೆ: ತೆಂಗುಸೀಮೆಯ ಮಕ್ಕಳು ಮತ್ತು ಕಸುಬಿನ ಕಲಿಕೆ

ತಿಪಟೂರಿನ ಮಾರುಕಟ್ಟೆಗೆ ಬರುವ ಉಂಡೆಕೊಬ್ಬರಿಯ ಹಿಂದೆ ಹಲವು ಕೈಗಳ ದುಡಿಮೆಯಿದೆ. ಬಲಿತ ಕಾಯಿ ಕೆಡವಬೇಕು. ಅಟ್ಟಕ್ಕೆ ಹಾಕಿ, ಹೆಚ್ಚುಕಡಿಮೆ ವರ್ಷದವರೆಗೆ ನೀರು ಒಳಗೇ ಇಂಗಿ ಒಣಗಲು ಬಿಡಬೇಕು. ಆಮೇಲೆ ಸುಲಿಯಬೇಕು, ಚಿಪ್ಪು ಒಡೆದು ಕೊಬ್ಬರಿ ಸೀಳದಂತೆ ಇಡಿಯಾಗಿ ಬಿಡಿಸಬೇಕು. ಸಿಪ್ಪೆ ನಾರಿನ ಕಾರ್ಖಾನೆಗೆ ಹೋಗುತ್ತದೆ, ಚಿಪ್ಪು ಇದ್ದಿಲಿಗೆ. ಇಷ್ಟು ಕೆಲಸವಿರುವ ಊರುಗಳಲ್ಲಿ ಎರಡು ಮಾತು ಒಟ್ಟಿಗೇ ಕೇಳಿಬರುತ್ತವೆ. ತೋಟದವರು "ಮರ ಹತ್ತೋರೇ ಸಿಗಲ್ಲ" ಅನ್ನುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳ ತಂದೆತಾಯಿ "ಇಲ್ಲೇನು ಕೆಲಸ ಐತೆ, ಬೆಂಗಳೂರಿಗೆ ಹೋಗ್ಲಿ" ಅನ್ನುತ್ತಾರೆ. ಈ ಎರಡು ಮಾತುಗಳ ನಡುವಿನ ಅಂತರವನ್ನು ತರಬೇತಿ ಎಷ್ಟು ತುಂಬಬಲ್ಲದು?

ಹಳ್ಳಿಯ ಹುಡುಗರಿಗೆ ಹೆಚ್ಚು ಪರಿಚಿತವಾದ ದಾರಿ ಐಟಿಐ. ಹೊಸದಾಗಿ ಸ್ವತಂತ್ರವಾದ ದೇಶದ ಕಾರ್ಖಾನೆಗಳಿಗೆ ಕುಶಲಕರ್ಮಿಗಳು ಬೇಕೆಂದು 1950ರಲ್ಲಿ ಶುರುವಾದ ವ್ಯವಸ್ಥೆ ಇದು. ಎಲೆಕ್ಟ್ರಿಷಿಯನ್, ಫಿಟ್ಟರ್ ಕಲಿಕೆಗೆ 2 ವರ್ಷ, ವೆಲ್ಡರ್‌ಗೆ 1 ವರ್ಷ. ಅಳತೆ ಹಿಡಿಯುವುದು, ಅರ ಹಾಕುವುದು, ವೈರಿಂಗ್ ಮಾಡುವುದು, ಜೀವಕ್ಕೆ ಅಪಾಯವಾಗದಂತೆ ಯಂತ್ರ ಮುಟ್ಟುವುದು, ಇವನ್ನೆಲ್ಲ ಒಳ್ಳೆಯ ಐಟಿಐ ಚೆನ್ನಾಗಿಯೇ ಕಲಿಸುತ್ತದೆ. ಇದನ್ನು ಹಗುರವಾಗಿ ಕಾಣಬಾರದು. ಈ ಅಡಿಪಾಯವಿಲ್ಲದೆ ಗ್ಯಾರೇಜಿಗೆ ಸೇರಿದ ಹುಡುಗ ಹತ್ತು ವರ್ಷವಾದರೂ ಸಹಾಯಕನಾಗಿಯೇ ಉಳಿಯಬಹುದು.

ಆದರೆ ಕಲಿತದ್ದು ಸಂಬಳವಾಗುವ ಹೊತ್ತಿಗೆ ಬೇರೆಯೇ ಪರೀಕ್ಷೆ ಎದುರಾಗುತ್ತದೆ. ತುರುವೇಕೆರೆ ಕಡೆಯ ಒಂದು ತೋಟದಲ್ಲಿ ಕೊಳವೆಬಾವಿಯ ಮೋಟರ್ ಸುಟ್ಟಿದೆ ಎಂದುಕೊಳ್ಳಿ. ವರ್ಕ್‌ಶಾಪಿನ ಮೇಜಿನ ಮೇಲೆ ಬಿಚ್ಚಿಟ್ಟ ಮೋಟರಿಗೆ ವೈಂಡಿಂಗ್ ಮಾಡಿದ ಹುಡುಗನಿಗೆ ಇಲ್ಲಿ ಮೊದಲು ನೂರಾರು ಅಡಿ ಆಳದಿಂದ ಪೈಪು ಎತ್ತಿಸುವ ಕೆಲಸ. ತಪ್ಪು ಕೇಬಲಿನಲ್ಲೋ, ಪ್ಯಾನಲ್ ಬೋರ್ಡಿನಲ್ಲೋ, ಏರಿಳಿಯುವ ವೋಲ್ಟೇಜಿನಲ್ಲೋ, ಬತ್ತಿದ ಬಾವಿಯಲ್ಲೋ ಎಂದು ಅವನೇ ಕಂಡುಹಿಡಿಯಬೇಕು. ಬೇಸಿಗೆಯಲ್ಲಿ ಸಸಿಗಳು ಬಾಡುತ್ತಿರುವಾಗ ತೋಟದವರ ಆತುರವನ್ನೂ ತಾಳಿಕೊಳ್ಳಬೇಕು. ಎಷ್ಟು ಖರ್ಚಾಗುತ್ತದೆಂದು ಮೊದಲೇ ಹೇಳಬೇಕು, ಹೇಳಿದಷ್ಟರಲ್ಲೇ ಮುಗಿಸಬೇಕು. ಇವು ಯಾವ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲೂ ಬರುವುದಿಲ್ಲ. ಒಬ್ಬ ಅನುಭವಿ ಮೆಕ್ಯಾನಿಕ್‌ನ ಜೊತೆ ಒಂದು ವರ್ಷ ತಿರುಗಿದರೆ ಮಾತ್ರ ಬರುತ್ತವೆ.

ಅದಕ್ಕಾಗಿಯೇ ಅಪ್ರೆಂಟಿಸ್ ಕಾಯ್ದೆ 1961ರಲ್ಲಿ ಬಂತು. ಕೆಎಸ್‌ಆರ್‌ಟಿಸಿ, ರೈಲ್ವೆ, ಎಚ್‌ಎಎಲ್‌ನಂಥ ಕಡೆ ಐಟಿಐ ಮುಗಿಸಿದವರು ಸ್ಟೈಪೆಂಡ್ ಪಡೆದು ನಿಜವಾದ ಕೆಲಸದ ನಡುವೆ ಪಳಗುತ್ತಾರೆ. ಜರ್ಮನಿಯಲ್ಲಿ ಈ ಎರಡು ಹಂತಗಳು ಬೇರೆಬೇರೆ ಇಲ್ಲ. ಅಲ್ಲಿನ ಕಲಿಕಾರ್ಥಿ ವಾರದ ಹೆಚ್ಚು ದಿನ ಕಂಪನಿಯಲ್ಲಿರುತ್ತಾನೆ, ಒಂದೆರಡು ದಿನ ಶಾಲೆಯಲ್ಲಿ. ನಮ್ಮಲ್ಲಿ ಶಾಲೆ ಮೊದಲು, ಕೆಲಸ ಆಮೇಲೆ. ನಡುವೆ ಕೊಂಡಿ ಕಳಚಿದರೆ ಸರ್ಟಿಫಿಕೇಟು ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಸಣ್ಣ ಊರಿನ ಮೋಟರ್ ಅಂಗಡಿಗಳೂ ನಾರಿನ ಕಾರ್ಖಾನೆಗಳೂ ಈ ಕೊಂಡಿಯೊಳಗೆ ಬರದಿದ್ದರೆ ತೆಂಗುಸೀಮೆಯ ಐಟಿಐ ಹುಡುಗನಿಗೆ ಊರು ಬಿಡುವುದೊಂದೇ ದಾರಿ.

ಊರು ಬಿಡುವುದು ತಪ್ಪೇನಲ್ಲ. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೇರಿಸಿದ 150 ಐಟಿಐಗಳು 2022ರ ಜೂನ್‌ನಲ್ಲಿ ಉದ್ಘಾಟನೆಯಾದವು. ಸಿಎನ್‌ಸಿ ಯಂತ್ರ, ರೋಬೋಟು, ವಿದ್ಯುತ್ ವಾಹನಗಳು ಸರ್ಕಾರಿ ಸಂಸ್ಥೆಯ ಮಕ್ಕಳ ಕೈಗೆ ಸಿಕ್ಕವು. ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಲೋಕಾರ್ಪಣೆಯಾಯಿತು. ತುಮಕೂರಿನಾಚೆ ವಸಂತನರಸಾಪುರದ ಕೈಗಾರಿಕಾ ಪ್ರದೇಶವಿದೆ. ಹೊಸ ಯಂತ್ರ ಕಲಿತವರಿಗೆ ಇವು ದೂರದ ಊರುಗಳೇನಲ್ಲ.

ಚಿಕ್ಕನಾಯಕನಹಳ್ಳಿಯ ಅನುಭವವನ್ನೂ ಇಲ್ಲಿ ನೆನೆಯಬೇಕು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ತುಮಕೂರು ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಗಣಿಯ ಲಾರಿ, ಯಂತ್ರಗಳನ್ನೇ ನಂಬಿದವರ ದುಡಿಮೆ ಒಮ್ಮೆಗೇ ನಿಂತಿತು. ಒಂದೇ ಉದ್ದಿಮೆಗೆ ಒಗ್ಗಿದ ಕೌಶಲದ ಅಪಾಯ ಇದು. ಡೀಸೆಲ್ ಎಂಜಿನ್ ಬಿಚ್ಚಿ ಕಟ್ಟಬಲ್ಲವನಿಗೆ ಬೇರೆ ಕಡೆ ದಾರಿಯಿರುತ್ತದೆ, ಚಕ್ರ ತಿರುಗಿಸುವುದಷ್ಟೇ ಕಲಿತವನಿಗೆ ಅದು ಕಷ್ಟ. ಕಲಿಕೆಯಲ್ಲಿ ಮೂಲಪಾಠಕ್ಕೆ ಹೆಚ್ಚು ಸಮಯ ಕೊಡಬೇಕೆನ್ನುವುದು ಇದಕ್ಕೇ.

ಇನ್ನು ತೆಂಗಿನದೇ ತರಬೇತಿ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ತೆಂಗಿನ ಮರದ ಗೆಳೆಯರು ಎಂಬ ಯೋಜನೆ ಶುರುಮಾಡಿತು. 6 ದಿನದಲ್ಲಿ ಯಂತ್ರದ ನೆರವಿನಿಂದ ಮರ ಹತ್ತುವುದು, ಸುಳಿ ಶುಚಿ ಮಾಡುವುದು, ಕೆಂಪು ಮೂತಿ ಹುಳು, ಕಪ್ಪು ತಲೆ ಹುಳುಗಳನ್ನು ಗುರುತಿಸುವುದು ಕಲಿಸಿ, ವಿಮೆಯನ್ನೂ ಮಾಡಿಸಿತು. ಕೇರಳದಲ್ಲಿ ಹೆಣ್ಣುಮಕ್ಕಳೂ ಈ ಯಂತ್ರ ಕಾಲಿಗೆ ಕಟ್ಟಿ ಮರ ಹತ್ತಿದರು. ನಮ್ಮಲ್ಲಿ ಹೆಣ್ಣುಮಕ್ಕಳ ತರಬೇತಿಯೆಂದರೆ ಇನ್ನೂ ಮೊದಲು ಹೊಲಿಗೆ ಯಂತ್ರವೇ ನೆನಪಾಗುತ್ತದೆ ಎಂಬುದು ನನಗೆ ಬೇಸರದ ಸಂಗತಿ. ಆದರೆ 6 ದಿನದಲ್ಲಿ ಮರ ಹತ್ತಲು ಬಂದರೂ ವರ್ಷವಿಡೀ ಗಳಿಸಲು ಬರುವುದಿಲ್ಲ. ಗಿರಾಕಿಗಳ ಪಟ್ಟಿ ಬೇಕು, ಯಂತ್ರ ರಿಪೇರಿಗೆ ಜಾಗ ಬೇಕು, ಕಾಯಿ ಕೆಡವದ ತಿಂಗಳುಗಳಲ್ಲಿ ರೋಗಕೀಟಗಳ ಕೆಲಸವೂ ಗೊತ್ತಿರಬೇಕು. ತಿಪಟೂರಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೇ ಇರುವುದರಿಂದ ಈ ಎರಡನೆಯ ಹಂತದ ಕಲಿಕೆಯನ್ನು ಇಲ್ಲಿ ಗಟ್ಟಿಯಾಗಿ ಕಟ್ಟಬಹುದು.

ಈ ಹಂತವನ್ನು ಸರಿಯಾಗಿ ಗುರುತಿಸಿದ್ದು ಉಜಿರೆಯ ರುಡ್‌ಸೆಟ್ ಸಂಸ್ಥೆ. ಧರ್ಮಸ್ಥಳ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಕಟ್ಟಿದ ಈ ಸಂಸ್ಥೆ ಊಟ, ವಸತಿಯೊಂದಿಗೆ ಉಚಿತವಾಗಿ ತರಬೇತಿ ಕೊಟ್ಟು, ಮುಗಿದ ಮೇಲೂ 2 ವರ್ಷ ಬೆನ್ನಿಗೆ ನಿಲ್ಲುತ್ತದೆ. ಸಾಲ ಸಿಕ್ಕಿತೇ, ಅಂಗಡಿ ನಡೆಯುತ್ತಿದೆಯೇ ಎಂದು ವಿಚಾರಿಸುತ್ತದೆ. ಈ ಮಾದರಿ ಮುಂದೆ ದೇಶಕ್ಕೆಲ್ಲ ಹರಡಿತು. ಎಷ್ಟು ಮಂದಿಗೆ ಕಲಿಸಿದೆವು ಎನ್ನುವುದಕ್ಕಿಂತ 2 ವರ್ಷದ ನಂತರ ಎಷ್ಟು ಮಂದಿ ಅದರಿಂದಲೇ ಬದುಕುತ್ತಿದ್ದಾರೆ ಎಂದು ಎಣಿಸುವುದೇ ತರಬೇತಿಯ ಸರಿಯಾದ ಅಳತೆ ಎಂದು ನಾನು ನಂಬಿದ್ದೇನೆ.

ತರಬೇತಿಯ ಕೈಗೆ ಸಿಗದ ಸಂಗತಿಯೂ ಒಂದಿದೆ, ಕೊಬ್ಬರಿಯ ಬೆಲೆ. 2023ರಲ್ಲಿ ಉಂಡೆಕೊಬ್ಬರಿಗೆ ಕ್ವಿಂಟಲ್ಲಿಗೆ 11,750 ರೂಪಾಯಿ ಬೆಂಬಲ ಬೆಲೆಯಿದ್ದರೂ ತಿಪಟೂರಿನಲ್ಲಿ ಧಾರಣೆ 10,000ಕ್ಕಿಂತ ಕೆಳಗೆ ಕುಸಿದಿತ್ತು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಬೆಲೆ ಬಿದ್ದ ವರ್ಷ ತೋಟದವರು ಸುಳಿ ಶುಚಿ ಮಾಡಿಸುವುದಿಲ್ಲ, ಹನಿ ನೀರಾವರಿ ರಿಪೇರಿಯನ್ನೂ ಮುಂದಕ್ಕೆ ಹಾಕುತ್ತಾರೆ. ಆಗ ಊರಲ್ಲೇ ಉಳಿದ ಕುಶಲ ಹುಡುಗನ ಗಳಿಕೆಯೂ ಬೀಳುತ್ತದೆ.

ಜೂನ್‌ನಲ್ಲಿ ಮಕ್ಕಳನ್ನು ಸೇರಿಸಲು ಹೋಗುವ ತಂದೆತಾಯಿ ಶುಲ್ಕ ಕೇಳುವ ಮೊದಲು ವರ್ಕ್‌ಶಾಪು ನೋಡಬೇಕು, ಅದೂ ಹುಡುಗರು ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ. ಒಂದು ಯಂತ್ರಕ್ಕೆ ಎಷ್ಟು ಹುಡುಗರು, ಅಪ್ರೆಂಟಿಸ್‌ಶಿಪ್‌ಗೆ ಯಾವ ಕಂಪನಿಗೆ ಕಳಿಸುತ್ತೀರಿ ಎಂದು ಕೇಳಬೇಕು. ಎರಡು ವರ್ಷ ಹಿಂದೆ ಕಲಿತು ಹೋದ ಇಬ್ಬರನ್ನಾದರೂ ಅವರು ಕೆಲಸ ಮಾಡುವ ಜಾಗದಲ್ಲೇ ಭೇಟಿಯಾಗಿ, ಮಾತಾಡಿಸಿ ಬರಬೇಕು.