ದೊಡ್ಡವರಾದ ಮೇಲೆ ಸೂಪರ್‌ಹೀರೋ ಕಾಮಿಕ್ಸ್: ಓದು ಎಲ್ಲಿಂದ ಆರಂಭಿಸಬೇಕು?

ಯರಗುಪ್ಪಿ (ಕುಂದಗೋಳ ತಾಲ್ಲೂಕು): ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್ ಇವರೆಲ್ಲ ಈಗ ಹುಬ್ಬಳ್ಳಿಯ ಮಲ್ಟಿಪ್ಲೆಕ್ಸ್‌ಗಳಿಗಷ್ಟೇ ಸೀಮಿತರಲ್ಲ. ಯರಗುಪ್ಪಿಯಂತಹ ಎರೆನೆಲದ ಊರುಗಳಲ್ಲೂ ಮೊಬೈಲ್ ಪರದೆಯ ಮೇಲೆ, ಮಕ್ಕಳ ಅಂಗಿಯ ಮೇಲೆ, ಶಾಲೆಯ ಚೀಲದ ಮೇಲೆ ಅವರು ಬಂದು ಕುಳಿತಿದ್ದಾರೆ. ಆದರೆ ಇವರೆಲ್ಲ ಹುಟ್ಟಿದ್ದು ಕಾಗದದ ಮೇಲೆ. ಆ ಕಾಗದದ ಕಥೆಯನ್ನು ಓದಿ ನೋಡೋಣವೆಂದು ನಡುವಯಸ್ಸಿನವರೊಬ್ಬರು ಹೊರಟರೆ ಎರಡು ತೊಡಕುಗಳು ಎದುರಾಗುತ್ತವೆ. ಮೊದಲನೆಯದು, ಮಕ್ಕಳ ಪುಸ್ತಕವನ್ನು ದೊಡ್ಡವರು ಹಿಡಿದಿದ್ದಾರೆಂಬ ಮುಜುಗರ. ಎರಡನೆಯದು ಹೆಚ್ಚು ಕಠಿಣವಾದದ್ದು. 1938ರಲ್ಲಿ ಸೂಪರ್‌ಮ್ಯಾನ್, 1939ರಲ್ಲಿ ಬ್ಯಾಟ್‌ಮ್ಯಾನ್, 1962ರಲ್ಲಿ ಸ್ಪೈಡರ್‌ಮ್ಯಾನ್ ಜನಿಸಿದರು. ಅಂದಿನಿಂದ ಹರಿದುಬಂದ ಸಾವಿರಾರು ಸಂಚಿಕೆಗಳಲ್ಲಿ ಯಾವುದನ್ನು ಮೊದಲು ಓದಬೇಕು?

ಮುಜುಗರದ ವಿಚಾರವನ್ನು ಬೇಗ ಮುಗಿಸಬಹುದು. ಸಮೂಹ ಮಾಧ್ಯಮವಾಗಿ ಕಾಮಿಕ್ಸ್ ಬೆಳೆದ ಅಮೆರಿಕದಲ್ಲಿ 1954ರಲ್ಲಿ ಪ್ರಕಾಶಕರೇ ಒಂದು ನಿಯಂತ್ರಣ ಸಂಹಿತೆಯನ್ನು ಹೇರಿಕೊಂಡರು. ಅದರಿಂದಾಗಿ ಅಪರಾಧ ಹಾಗೂ ಭಯಾನಕ ಕಥೆಗಳು ಹಿಂದೆ ಸರಿದವು, ಕಾಮಿಕ್ಸ್ ಎಂದರೆ ಮಕ್ಕಳದ್ದು ಎಂಬ ಭಾವನೆ ಬಲಗೊಂಡಿತು. 1980ರ ದಶಕದ ನಡುಭಾಗದಿಂದೀಚೆಗೆ ಬಂದ ಮುಖ್ಯ ಕೃತಿಗಳನ್ನು ಬರೆದಿರುವುದೇ ವಯಸ್ಕರಿಗಾಗಿ.

ಕನ್ನಡದ ಓದುಗ ಅಪರಿಚಿತನಲ್ಲ

ಕನ್ನಡಿಗರಿಗೆ ಈ ಲೋಕ ಹೊಸದೇನೂ ಅಲ್ಲ. ಮುಖವಾಡ ಧರಿಸಿದ, ಬೆರಳಿನಲ್ಲಿ ತಲೆಬುರುಡೆಯ ಉಂಗುರವಿದ್ದ ಫ್ಯಾಂಟಮ್‌ನನ್ನು 'ಸುಧಾ' ವಾರಪತ್ರಿಕೆ ಮನೆಮನೆಗೆ ತಲುಪಿಸಿತ್ತು. ಇಂದು ಐವತ್ತು ದಾಟಿದವರಲ್ಲಿ ವಾರಪತ್ರಿಕೆ ಕೈಗೆ ಬಂದೊಡನೆ ಆ ಪುಟವನ್ನೇ ಮೊದಲು ತೆರೆಯುತ್ತಿದ್ದವರು ಅನೇಕರು. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ಪಾತ್ರ ಸೂಪರ್‌ಮ್ಯಾನ್‌ಗಿಂತ ಎರಡು ವರ್ಷ ಹಿರಿಯ. ಮೈಗಂಟಿದ ಉಡುಪು, ಕಣ್ಣುಗುಡ್ಡೆ ಕಾಣದ ಮುಖವಾಡ ಮುಂದಿನ ವೀರರಿಗೆ ಬಳುವಳಿಯಾಗಿ ಬಂದದ್ದು ಈತನಿಂದಲೇ ಎನ್ನಬಹುದು. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್‌ನ ಮೊದಲ ನಾಯಕನೂ ಇವನೇ. ಮೂಲದಲ್ಲಿದ್ದ ನಾಡಿನ ಹೆಸರು ಬಂಗಾಳವನ್ನು ನೆನಪಿಸುತ್ತದೆಂದು ಇಂದ್ರಜಾಲದವರು ಅದನ್ನು 'ಡೆಂಕಾಲಿ' ಎಂದು ಬದಲಿಸಿದ್ದುಂಟು. ಕಾಡಿನ ಜನರನ್ನು ಕಾಯಲು ತಲೆತಲಾಂತರದಿಂದ ಬಿಳಿಯನೊಬ್ಬನೇ ಏಕೆ ಬೇಕಾಯಿತು ಎಂಬ ಪ್ರಶ್ನೆ ಬಾಲ್ಯದಲ್ಲಿ ಹೊಳೆದಿರಲಿಕ್ಕಿಲ್ಲ. ಇಂದು ಹಳೆಯ ಸಂಚಿಕೆ ತೆರೆದರೆ ಹೊಳೆಯದೆ ಇರದು. ದೊಡ್ಡವರ ಓದಿನ ಲಾಭ ಇದೇ.

ಇನ್ನೊಂದು ಸಂಗತಿ ಅನೇಕರಿಗೆ ತಿಳಿದಿಲ್ಲ. ದೇಶವೆಲ್ಲ ಇಂಗ್ಲಿಷಿನಲ್ಲಿ ಓದಿದ 'ಅಮರ ಚಿತ್ರ ಕಥೆ' ಮೊದಲು ಮೂಡಿದ್ದು ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಪುಸ್ತಕೋದ್ಯಮಿ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಪಾಶ್ಚಾತ್ಯ ಕಥೆಗಳ ಹತ್ತು ಪುಸ್ತಕಗಳು ಕನ್ನಡದಲ್ಲಿ ಹೊರಬಂದವು. ಕಾರ್ಕಳ ಮೂಲದ ಅನಂತ ಪೈ ಅವರ 'ಕೃಷ್ಣ' ಆ ಬಳಿಕದ್ದು. ಅದರ ಸಂಖ್ಯೆ ಹನ್ನೊಂದು ಆಗಿರುವುದರ ಗುಟ್ಟು ಈ ಹತ್ತು ಕನ್ನಡ ಪುಸ್ತಕಗಳು.

ವೀರನನ್ನಲ್ಲ, ಕವಿಯನ್ನು ಹಿಡಿಯಿರಿ

ಈಗ ಮುಖ್ಯ ಪ್ರಶ್ನೆ. ಹೊಸಬರು ಸಾಮಾನ್ಯವಾಗಿ ಮೊದಲ ಸಂಚಿಕೆಯಿಂದಲೇ ಓದಬೇಕೆಂದು ಹೊರಡುತ್ತಾರೆ, ಹತ್ತಾರು ಪುಟಗಳಲ್ಲೇ ಸೋಲುತ್ತಾರೆ. ಮಹಾಭಾರತವನ್ನು ನಾವು ಹಾಗೆ ಓದಿದವರಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಪಂಪನಿಗೆ ಅರ್ಜುನ ನಾಯಕ, ಮುಧೋಳದ ರನ್ನನಿಗೆ ಭೀಮ. ಊರ ಜಾತ್ರೆಯ ದೊಡ್ಡಾಟದಲ್ಲಿ ಒಂದು ರಾತ್ರಿಗೆ ಒಂದೇ ಪ್ರಸಂಗ. ವ್ಯಾಸಭಾರತದ ಹದಿನೆಂಟೂ ಪರ್ವಗಳನ್ನು ಮುಗಿಸಿ ಬನ್ನಿ ಎಂದು ಭಾಗವತರು ಯಾರನ್ನೂ ಹಿಂದಕ್ಕೆ ಕಳುಹಿಸುವುದಿಲ್ಲ.

ಅಮೆರಿಕದ ಕಾಮಿಕ್ಸ್ ಕೂಡ ಹೀಗೆಯೇ. ಬ್ಯಾಟ್‌ಮ್ಯಾನ್ ಪ್ರಕಾಶನ ಸಂಸ್ಥೆಯ ಆಸ್ತಿ. ಅವನ ಕಥೆಯನ್ನು ನೂರಾರು ಲೇಖಕರು ತಮ್ಮ ತಮ್ಮ ರೀತಿಯಲ್ಲಿ ಹೇಳಿದ್ದಾರೆ. ಹಳೆಯ ಗಂಟುಗಳು ಹೆಚ್ಚಾದಾಗ ಸಂಸ್ಥೆಗಳೇ ಎಲ್ಲವನ್ನೂ ಅಳಿಸಿ ಹೊಸದಾಗಿ ಆರಂಭಿಸುವುದುಂಟು. ಡಿಸಿ ಸಂಸ್ಥೆ 1985-86ರಲ್ಲಿ ಹೀಗೆ ಮಾಡಿತು, 2011ರಲ್ಲಿ ಮತ್ತೊಮ್ಮೆ ಮಾಡಿತು. ಆದ್ದರಿಂದ ಮುಖಪುಟದ ಮೇಲೆ 'ಸಂಖ್ಯೆ 1' ಎಂದಿದ್ದರೆ ಅದೇ ಆರಂಭವೆಂದು ನಂಬುವಂತಿಲ್ಲ. ಒಬ್ಬ ಲೇಖಕ, ಒಬ್ಬ ಚಿತ್ರಕಾರ ಸೇರಿ ಮುಗಿಸಿದ ಪೂರ್ಣ ಕಥೆಯನ್ನು ಆರಿಸಿಕೊಳ್ಳುವುದೇ ಸರಿಯಾದ ದಾರಿ. ಬಿಡಿ ಸಂಚಿಕೆಯಲ್ಲಿ ಕಥೆಯಿರುವುದು ಇಪ್ಪತ್ತು ಪುಟದ ಆಸುಪಾಸು ಮಾತ್ರ. ನಾಲ್ಕಾರು ಸಂಚಿಕೆಗಳನ್ನು ಒಟ್ಟುಗೂಡಿಸಿದ ಸಂಪುಟವನ್ನೇ ಕೊಳ್ಳುವುದು ಲೇಸು.

ಈ ಲೇಖಕನ ಮಟ್ಟಿಗೆ ಮೊದಲ ಪುಸ್ತಕ 'ಬ್ಯಾಟ್‌ಮ್ಯಾನ್: ಇಯರ್ ಒನ್' (1987). ಫ್ರಾಂಕ್ ಮಿಲ್ಲರ್ ಬರೆದು ಡೇವಿಡ್ ಮಝುಕೆಲ್ಲಿ ಚಿತ್ರಿಸಿದ ಇದರಲ್ಲಿರುವುದು ನಾಲ್ಕೇ ಭಾಗ. ಭ್ರಷ್ಟ ನಗರವೊಂದರಲ್ಲಿ ನೇರವಂತನಾಗಿ ಉಳಿಯಲು ಹೆಣಗುವ ಪೊಲೀಸ್ ಅಧಿಕಾರಿಯದೇ ಇಲ್ಲಿ ಅರ್ಧ ಕಥೆ. ಹಾರಾಟ, ಹೊಡೆದಾಟ ಬೇಡವೆನ್ನುವವರಿಗೂ ಇದು ಹಿಡಿಸೀತು. ಎರಡನೆಯದು 2014ರಲ್ಲಿ ಆರಂಭವಾದ 'ಮಿಸ್ ಮಾರ್ವೆಲ್'. ನಾಯಕಿ ಕಮಲಾ ಖಾನ್ ಅಮೆರಿಕದ ಜರ್ಸಿ ಸಿಟಿಯಲ್ಲಿ ಬೆಳೆಯುವ ಪಾಕಿಸ್ತಾನಿ ಮೂಲದ ಹುಡುಗಿ. ರಾತ್ರಿ ಹೊರಗೆ ಹೋಗಬೇಡವೆನ್ನುವ ಅಪ್ಪ, ಗದರುವ ಅಮ್ಮ ಇರುವ ಆ ಮನೆ ನಮ್ಮ ಮನೆಗಳಿಗಿಂತ ಬೇರೆಯಲ್ಲ. ಗ್ರ್ಯಾಂಟ್ ಮಾರಿಸನ್ ಮತ್ತು ಫ್ರಾಂಕ್ ಕ್ವೈಟ್ಲಿ ಅವರ 'ಆಲ್-ಸ್ಟಾರ್ ಸೂಪರ್‌ಮ್ಯಾನ್' (2005-08) ಮೂರನೆಯದಾಗಿರಲಿ. ಅದರ ಮೊದಲ ಪುಟದಲ್ಲಿ ನಾಲ್ಕು ಚಿತ್ರ, ಎಂಟೇ ಪದಗಳು. ಸೂಪರ್‌ಮ್ಯಾನ್‌ನ ಜನ್ಮವೃತ್ತಾಂತ ಅಷ್ಟರಲ್ಲೇ ಮುಗಿಯುತ್ತದೆ. ಹೊಸಬರು ಮಾತನ್ನಷ್ಟೇ ಓದಿ ಚಿತ್ರವನ್ನು ದಾಟಿಬಿಡುತ್ತಾರೆ. ಈ ಪುಟದ ಮುಂದೆ ಹಾಗೆ ಮಾಡುವುದು ಸಾಧ್ಯವಿಲ್ಲ.

ಎಲ್ಲರೂ ಮೊದಲು ಸೂಚಿಸುವ ಅಲನ್ ಮೂರ್ ಅವರ 'ವಾಚ್‌ಮೆನ್' (1986-87) ನಿಸ್ಸಂಶಯವಾಗಿ ದೊಡ್ಡ ಕೃತಿ. ಆದರೆ ಅದು ಸೂಪರ್‌ಹೀರೋ ಎಂಬ ಕಲ್ಪನೆಯನ್ನೇ ಪ್ರಶ್ನಿಸುವ ಕಥೆ. ಪ್ರಶ್ನೆಗೆ ಗುರಿಯಾದದ್ದು ಏನೆಂದು ತಿಳಿಯದೆ ಓದಿದರೆ ಅರ್ಧ ರುಚಿ ತಪ್ಪುತ್ತದೆ. ನಾಲ್ಕೈದು ಪುಸ್ತಕಗಳ ಬಳಿಕ ಓದುವುದು ಒಳಿತು.

ಭಾಷೆಯ ಗೋಡೆ

ಮೇಲೆ ಹೆಸರಿಸಿದ ಸಂಪುಟಗಳನ್ನು ಓದಲು ಇಂಗ್ಲಿಷ್ ಬೇಕು. ಬೆಂಗಳೂರಿನವರು ಚರ್ಚ್ ಸ್ಟ್ರೀಟ್‌ನ ಬ್ಲಾಸಮ್ ಪುಸ್ತಕ ಮಳಿಗೆಯಲ್ಲಿ ಹಳೆಯ ಪ್ರತಿಗಳನ್ನು ಹುಡುಕಬಹುದು. ಉಳಿದ ಊರಿನವರಿಗೆ ಅಂಚೆಯಲ್ಲಿ ಬರುವ ಪ್ರತಿ ಅಥವಾ ಮೊಬೈಲ್‌ನ ಡಿಜಿಟಲ್ ಪ್ರತಿಯೇ ಗತಿ. ಹಿಂದಿ ಬಲ್ಲವರಿಗೆ ರಾಜ್ ಕಾಮಿಕ್ಸ್ ಇದೆ. 1986ರ ನಾಗರಾಜ್‌ಗಿಂತ, ಅನುಪಮ್ ಸಿನ್ಹಾ 1987ರಲ್ಲಿ ಸೃಷ್ಟಿಸಿದ ಸೂಪರ್ ಕಮಾಂಡೋ ಧ್ರುವ ದೊಡ್ಡವರಿಗೆ ಹೆಚ್ಚು ಒಗ್ಗುತ್ತಾನೆ. ಸರ್ಕಸ್‌ನಲ್ಲಿ ಬೆಳೆದ ಈ ಹುಡುಗನಿಗೆ ಅತಿಮಾನುಷ ಶಕ್ತಿಯಿಲ್ಲ, ಬುದ್ಧಿಯೇ ಬಂಡವಾಳ. ಕನ್ನಡ ಮಾತ್ರ ಬಲ್ಲವರಿಗೆ ಸೂಚಿಸಲು ಇಂಥದ್ದೊಂದು ಸಾಲು ಪುಸ್ತಕಗಳಿಲ್ಲ. ನೆರೆಯ ತಮಿಳಿನಲ್ಲಿ ಶಿವಕಾಶಿಯ ಮುತ್ತು ಕಾಮಿಕ್ಸ್ (1972), ಲಯನ್ ಕಾಮಿಕ್ಸ್ (1984) ಬಾಲ್ಯದ ಓದುಗರನ್ನು ಅವರ ನಡುವಯಸ್ಸಿನವರೆಗೂ ಜೊತೆಗಿಟ್ಟುಕೊಂಡು ಬಂದಿವೆ. ಮೊದಲು ಹೆಜ್ಜೆಯಿಟ್ಟ ಕನ್ನಡದಲ್ಲಿ ಅಂತಹ ಓದುಗ ಬಳಗ ಕಟ್ಟಿಕೊಳ್ಳಲಿಲ್ಲ.

ಕೈಚಳಕಕ್ಕಂತೂ ಇಲ್ಲಿ ಕೊರತೆಯಿರಲಿಲ್ಲ. 2004ರಲ್ಲಿ ಧೋತಿಯುಟ್ಟ ಸ್ಪೈಡರ್‌ಮ್ಯಾನ್‌ನನ್ನು, ಅಂದರೆ ಹಳ್ಳಿಯಿಂದ ಮುಂಬೈಗೆ ಬಂದ ಪವಿತ್ರ್ ಪ್ರಭಾಕರ್ ಎಂಬ ಹುಡುಗನನ್ನು ಚಿತ್ರಿಸಿದವರು ಜೀವನ್ ಕಾಂಗ್. ಆ ಕಥೆಯನ್ನು ರೂಪಿಸಿದವರಲ್ಲೊಬ್ಬರಾದ ಶರದ್ ದೇವರಾಜನ್ ಮುಂತಾದವರು 2006ರಲ್ಲಿ ಕಟ್ಟಿದ ವರ್ಜಿನ್ ಕಾಮಿಕ್ಸ್‌ನ ಚಿತ್ರಶಾಲೆ ಇದ್ದದ್ದು ಬೆಂಗಳೂರಿನಲ್ಲಿ. ಅಲ್ಲಿಂದ ಹೊರಬಂದದ್ದೂ ಇಂಗ್ಲಿಷ್ ಕಾಮಿಕ್ಸ್. ಪವಿತ್ರ್ ಕನ್ನಡ ಮಾತನಾಡಿದ್ದು 2023ರಲ್ಲಿ, 'ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್' ಚಲನಚಿತ್ರ ಕನ್ನಡಕ್ಕೂ ಡಬ್ ಆಗಿ ತೆರೆಕಂಡಾಗ.