ಜಯ ಜಯ ಗರವೀ ಗುಜರಾತ: ನಕ್ಷೆಗಿಂತ ಮೊದಲೇ ಬಂದ ಹಾಡು

ಇವತ್ತಿನ ಮಾತು ಅಹಮದಾಬಾದ್, ವಡೋದರಾ, ಸೂರತ್‌ನಲ್ಲಿ ಕೆಲಸ ಮಾಡ್ತಾ ಇರೋ ನಮ್ಮವರಿಗೆ. ನಿಮ್ಮ ಮಕ್ಕಳು ಶಾಲೆಯಿಂದ ಒಂದು ಹಾಡು ಕಲಿತು ಬಂದಿರ್ತಾರೆ: ‘ಜಯ ಜಯ ಗರವೀ ಗುಜರಾತ’. ಮೇ 1ರ ಗುಜರಾತ್ ದಿನಕ್ಕೆ ಸ್ಪೀಕರ್‌ಗಳಲ್ಲಿ ಕೇಳೋದೂ ಇದೇ. ಎ.ಆರ್. ರೆಹಮಾನ್ ರಾಗ ಹಾಕಿದ ಮೇಲೆ ಇನ್ನೂ ಮನೆಮಾತಾಯ್ತು. ಹಾಗಂತ ಇದು ಹೊಸ ಹಾಡಲ್ಲ. ಇದರ ಕಥೆ ನಮ್ಮ ಬೆಳಗಾವಿಯ ಕಥೆಗೂ ತುಂಬ ಹತ್ತಿರ.

ಬರೆದವರು ಸೂರತ್ತಿನ ಕವಿ ನರ್ಮದ್, ಪೂರ್ತಿ ಹೆಸರು ನರ್ಮದಾಶಂಕರ ದವೆ. ಹುಟ್ಟಿದ್ದು 1833ರ ಆಗಸ್ಟ್ 24. ಆ ದಿನವನ್ನೇ ಈಗ ವಿಶ್ವ ಗುಜರಾತಿ ಭಾಷಾ ದಿನ ಅಂತ ಆಚರಿಸ್ತಾರೆ. ಸೂರತ್ತಿನ ವಿಶ್ವವಿದ್ಯಾಲಯಕ್ಕೂ ಅವರದೇ ಹೆಸರು. 1858ರಲ್ಲಿ ಮೇಷ್ಟ್ರ ಕೆಲಸ ಬಿಟ್ಟು, ಇನ್ನು ಬರವಣಿಗೆಯಲ್ಲೇ ಬದುಕ್ತೀನಿ ಅಂತ ಹೊರಟ ಮನುಷ್ಯ. ವಿಧವಾ ವಿವಾಹದ ಪರವಾಗಿ ನಿಂತು ಊರವರ ವಿರೋಧ ಕಟ್ಟಿಕೊಂಡವರು. ‘ನರ್ಮಕೋಶ’ ಅನ್ನೋ ಗುಜರಾತಿ ನಿಘಂಟನ್ನ ವರ್ಷಗಟ್ಟಲೆ ಕೂತು ಕಟ್ಟಿದರು. 1873ರಲ್ಲಿ ಆ ನಿಘಂಟಿನ ಮುನ್ನುಡಿಯಲ್ಲಿ ಈ ಹಾಡು ಬಂತು. ನಾಡಗೀತೆಯೊಂದು ನಿಘಂಟಿನ ಜೊತೆ ಹುಟ್ಟಿದ್ದು ನೋಡಿ! ಮೊದಲು ಭಾಷೆ, ಆಮೇಲೆ ನಾಡು.

ಆಗ ಗುಜರಾತ್ ಎಲ್ಲಿತ್ತು?

ನಕ್ಷೆಯಲ್ಲಂತೂ ಇರಲಿಲ್ಲ. ಸೂರತ್, ಅಹಮದಾಬಾದ್ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿದ್ದವು. ವಡೋದರಾ ಗಾಯಕ್‌ವಾಡರದ್ದು. ಸೌರಾಷ್ಟ್ರದಲ್ಲಿ ಲೆಕ್ಕವಿಲ್ಲದಷ್ಟು ಸಂಸ್ಥಾನಗಳು. ನರ್ಮದ್ ಹಾಡಿನಲ್ಲೇ ಗಡಿ ಎಳೆದರು: ಉತ್ತರಕ್ಕೆ ಅಂಬಾ ಮಾತೆ, ಪೂರ್ವಕ್ಕೆ ಕಾಳಿ, ದಕ್ಷಿಣಕ್ಕೆ ಕುಂತೇಶ್ವರ, ಪಶ್ಚಿಮಕ್ಕೆ ಸೋಮನಾಥ ಮತ್ತು ದ್ವಾರಕೆ. ವಡೋದರಾದವರು ವೀಕೆಂಡ್‌ಗೆ ಪಾವಾಗಢ ಹತ್ತುತ್ತೀರಲ್ಲ, ಆ ಕಾಳಿಯೇ ಈ ಹಾಡಿನ ಪೂರ್ವದ ಕಾವಲು.

ಕನ್ನಡಿಗರಿಗೆ ಇದು ಹೊಸದೇನಲ್ಲ. ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’ ಕಾವೇರಿಯಿಂದ ಗೋದಾವರಿವರೆಗೆ ಅಂತ ನದಿಗಳಿಂದ ನಮ್ಮ ನಾಡನ್ನ ಅಳೆದಿತ್ತು. ನಮ್ಮವರು ನದಿ ಹಿಡಿದರು, ನರ್ಮದ್ ದೇವಸ್ಥಾನ ಹಿಡಿದರು.

ಬೆಳಗಾವಿಯ ನಂಟು

1873ರಲ್ಲಿ ಧಾರವಾಡ, ಬೆಳಗಾವಿ ಕೂಡ ಅದೇ ಮುಂಬೈ ಪ್ರಾಂತ್ಯದಲ್ಲಿದ್ದವು. ಅಂದ್ರೆ ಸೂರತ್ತಿನವರೂ ನಮ್ಮವರೂ ಒಂದೇ ಸರ್ಕಾರದ ಪ್ರಜೆಗಳು. ಇಬ್ಬರದೂ ಒಂದೇ ಕೊರತೆ: ಭಾಷೆ ಇದೆ, ನಾಡಿಲ್ಲ. 1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೀತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಸಾಬರಮತಿಯಿಂದ ಬಂದ ಗಾಂಧೀಜಿಯ ಎದುರು ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಮೊಳಗಿತು. ಎರಡೂ ಹಾಡನ್ನ ಪಕ್ಕಪಕ್ಕ ಇಟ್ಟು ಕೇಳಿ. ಎರಡರಲ್ಲೂ ಬೆಳಗಾಗ್ತಾ ಇದೆ. ನರ್ಮದ್ ಅರುಣೋದಯದ ಬೆಳಕು ಕಂಡರು, ನಾರಾಯಣರಾಯರು ನಾಡಿನ ಉದಯವನ್ನೇ ಬೇಡಿದರು.

ನಮ್ಮ ಬೆಳಗು 32 ವರ್ಷಕ್ಕೆ ಆಯ್ತು, 1956ರ ನವೆಂಬರ್ 1ಕ್ಕೆ. ಗುಜರಾತಿಗಳು ಮಾತ್ರ ಮುಂಬೈ ರಾಜ್ಯದಲ್ಲೇ ಉಳಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಅಹಮದಾಬಾದಿನಲ್ಲಿ ಗೋಲಿಬಾರ್ ಆಗಿ ವಿದ್ಯಾರ್ಥಿಗಳು ಸತ್ತರು. ಇಂದುಲಾಲ್ ಯಾಜ್ಞಿಕರ ನೇತೃತ್ವದಲ್ಲಿ ಮಹಾಗುಜರಾತ್ ಚಳವಳಿ ಬೆಳೆಯಿತು. 1960ರ ಮೇ 1ಕ್ಕೆ ರಾಜ್ಯ ಬಂತು, ಹಾಡು ಬಂದು 87 ವರ್ಷಕ್ಕೆ.

ಹಾಗಾದ್ರೆ ನಾವು ಯಾರು?

ದೇವಸ್ಥಾನಗಳಿಂದ ಗಡಿ ಎಳೆದರೆ ಸೂರತ್ತಿನ ಪಾರ್ಸಿ, ಬೋಹ್ರಾ ಜನ ಎಲ್ಲಿಗೆ ಸೇರ್ತಾರೆ? ನರ್ಮದ್‌ಗೂ ಈ ಪ್ರಶ್ನೆ ಕಾಡಿರಬೇಕು. ‘ಕೋನೀ ಕೋನೀ ಛೇ ಗುಜರಾತ’, ಅಂದ್ರೆ ‘ಗುಜರಾತ್ ಯಾರ್ಯಾರದ್ದು’ ಅಂತ ಇನ್ನೊಂದು ಕವನದಲ್ಲಿ ಅದನ್ನೇ ಕೇಳಿದರು. ಅವರ ಉತ್ತರದ ಸಾರ ಇಷ್ಟು: ಗುಜರಾತಿ ಆಡುವವರದ್ದು, ಜೊತೆಗೆ, ಧರ್ಮ ಬೇರೆಯಾದರೂ ಈ ನೆಲ ಸಾಕಿದವರು, ಅದರ ಒಳಿತು ಬಯಸುವವರು ಕೂಡ ಅಣ್ಣತಮ್ಮಂದಿರೇ.

ಹೊರಗಿನಿಂದ ಬಂದು ಇಲ್ಲಿ ಅನ್ನ ತಿನ್ನೋ ನಮಗೆ ಈ ಮಾತು ದೊಡ್ಡದು. ಬೆಂಗಳೂರಿಗೆ ಬಂದವರ ಬಗ್ಗೆ ನಾವು ವಾದ ಮಾಡುವಾಗಲೂ ನೆನಪಿಟ್ಟುಕೊಳ್ಳಬೇಕಾದ್ದು. ಅಲ್ಲಿ ನಾವು ಮನೆಯವರು, ಇಲ್ಲಿ ಬಂದವರು. ಬಂದವರು ಕನ್ನಡ ಕಲೀಲಿ ಅಂತ ಅಲ್ಲಿ ಕೇಳ್ತೀವಿ, ಸರಿಯಾದ ಮಾತೇ. ಹಾಗಾದ್ರೆ ಇಲ್ಲಿ ನಾವು ಗುಜರಾತಿ ಎಷ್ಟು ಕಲಿತಿದ್ದೀವಿ?

ಅದಕ್ಕೇ ಮಗು ಈ ಹಾಡು ಹಾಡಿದರೆ ಗಾಬರಿ ಬೇಡ. ಜೊತೆಗೆ ಕೂತು ಅರ್ಥ ಕೇಳಿ, ಅದರಿಂದಲೇ ಕಲೀರಿ. ಆಮೇಲೆ, ‘ಪುಟ್ಟಾ, ನಮ್ಮದೂ ಒಂದು ಹೀಗೇ ಬೆಳಗಿನ ಹಾಡಿದೆ’ ಅಂತ ಹೇಳಿ ಹುಯಿಲಗೋಳರದ್ದನ್ನ ಹಾಡಿ. ಒಂದು ಕಲಿತರೆ ಇನ್ನೊಂದು ಮರೆತುಹೋಗಲ್ಲ. ಮನೆಯಲ್ಲಿ ನಾವು ಹಾಡದೇ ಇದ್ದರೆ ಮಾತ್ರ ನಮ್ಮದು ಮರೆತುಹೋಗುತ್ತೆ.

ಮುಂದಿನ ಮಾತುಕತೆಯಲ್ಲಿ ಸಿಗೋಣ. ಆವ್‌ಜೋ, ಹೋಗಿ ಬನ್ನಿ!