ಬೀಜ, ಬೇರು ಮತ್ತು ಬಯಲುಸೀಮೆಯ ಮರಗಳು

ಮರ ನೆಡುವುದು ಪುಣ್ಯಕಾರ್ಯವೆಂಬುದನ್ನು ಒಪ್ಪದವರು ನಮ್ಮಲ್ಲಿ ವಿರಳ. ನೆಟ್ಟ ಗಿಡವು ಮೂರನೆಯ ವರ್ಷವೂ ಬದುಕಿದೆಯೇ ಎಂದು ಹೋಗಿ ನೋಡುವವರು ಇನ್ನೂ ವಿರಳ. ೧೯೫೦ರಲ್ಲಿ ವನಮಹೋತ್ಸವವು ಆರಂಭವಾದಂದಿನಿಂದ ಪ್ರತಿ ಮಳೆಗಾಲದಲ್ಲಿಯೂ ಸಸಿಗಳನ್ನು ನೆಡುತ್ತಲೇ ಬಂದಿದ್ದೇವೆ. ಬೇಸಗೆಯ ಹೊತ್ತಿಗೆ ಎಷ್ಟೋ ಗುಂಡಿಗಳಲ್ಲಿ ಒಣಕಡ್ಡಿ ಮಾತ್ರ ಉಳಿದಿರುತ್ತದೆ. ಆಗ ಮಳೆಯನ್ನೂ ಆಡುಗಳನ್ನೂ ದೂರುವುದು ವಾಡಿಕೆ. ಆ ದೂರು ಸುಳ್ಳಲ್ಲ. ಆದರೆ ಗಿಡದ ಅಳಿವು ಉಳಿವುಗಳು ಬಹುಮಟ್ಟಿಗೆ ಅದಕ್ಕೂ ಮೊದಲೇ, ಬೀಜವನ್ನು ಆಯ್ದ ಕಾಲದಿಂದಲೂ ಬೇರು ಇಳಿದ ರೀತಿಯಿಂದಲೂ ನಿರ್ಧಾರವಾಗಿರುತ್ತವೆ. ಈ ವಿಷಯವನ್ನು ಕೊಪ್ಪಳದ ಸೀಮೆಯನ್ನು ಎದುರಿಗಿಟ್ಟುಕೊಂಡು ಪರಿಶೀಲಿಸೋಣ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದುವು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೬೦೦ ಮಿಲಿಮೀಟರು. ಅದೂ ಸಮನಾಗಿ ಬೀಳುವುದಿಲ್ಲ. ಜೂನಿನಲ್ಲಿ ಆಸೆ ಹುಟ್ಟಿಸಿ, ನಡುವೆ ವಾರಗಟ್ಟಲೆ ಬಿಡುವು ಕೊಟ್ಟು, ಸೆಪ್ಟೆಂಬರಿನಲ್ಲಿ ಮತ್ತೆ ಬರುವ ಮಳೆ ಇದು. ಇಂಥ ನೆಲದಲ್ಲಿ ತಾವಾಗಿ ಬೆಳೆದು ನಿಂತಿರುವ ಬೇವು, ಹುಣಸೆ, ಜಾಲಿ, ಕಮರ ಮೊದಲಾದ ಮರಗಳು ಬದುಕುವ ಉಪಾಯವನ್ನು ತಮ್ಮ ಬೀಜದಲ್ಲಿಯೇ ಇಟ್ಟುಕೊಂಡಿವೆ. ಆ ಉಪಾಯವು ಎಲ್ಲಕ್ಕೂ ಒಂದೇ ಅಲ್ಲ.

ಮೊದಲನೆಯದು ನಿದ್ರಿಸುವ ಬೀಜ. ಜಾಲಿ, ಬಾಗೆ, ಕಕ್ಕೆಗಳ ಬೀಜದ ಹೊರಸಿಪ್ಪೆಯು ನೀರನ್ನು ಒಳಗೆ ಬಿಡುವುದಿಲ್ಲ. ಒಂದು ಹದಮಳೆಗೆ ಎಲ್ಲ ಬೀಜಗಳೂ ಮೊಳೆತು, ಮುಂದಿನ ಬಿಸಿಲಿಗೆ ಎಲ್ಲವೂ ಸಾಯದಿರಲೆಂಬಂತೆ ಈ ಏರ್ಪಾಡು. ಒಲೆಯಿಂದ ಇಳಿಸಿದ ಬಿಸಿನೀರನ್ನು ಈ ಬೀಜಗಳ ಮೇಲೆ ಹೊಯ್ದು, ಅದರಲ್ಲಿಯೇ ರಾತ್ರಿಯೆಲ್ಲ ಆರಲು ಬಿಟ್ಟರೆ ಸಿಪ್ಪೆ ಸಡಿಲವಾಗುತ್ತದೆ. ಒಲೆಯ ಮೇಲಿಟ್ಟು ಕುದಿಸಿದರೆ ಮಾತ್ರ ಬೀಜ ಬೆಂದೇಹೋಗುವುದು. ಬೆಳಿಗ್ಗೆ ಉಬ್ಬಿದ ಬೀಜಗಳನ್ನು ಬಿತ್ತಿ, ಉಬ್ಬದೆ ಉಳಿದವಕ್ಕೆ ಮತ್ತೊಮ್ಮೆ ಹೀಗೆಯೇ ಮಾಡಬೇಕು. ಜಾಲಿಯ ಕಾಯಿಯನ್ನು ತಿಂದ ಆಡಿನ ಹೊಟ್ಟೆಯೂ ಇದೇ ಕೆಲಸವನ್ನು ಮಾಡುತ್ತದೆ. ಆದುದರಿಂದಲೇ ಆಡಿನ ದೊಡ್ಡಿಯಿಂದ ಆಯ್ದ ಜಾಲಿಬೀಜ ಚೆನ್ನಾಗಿ ಮೊಳೆಯುವುದು. ಸಸಿಗೆ ಶತ್ರುವಾದ ಪ್ರಾಣಿಯೇ ಬೀಜಕ್ಕೆ ದಾದಿಯಾಗುವುದು ಪ್ರಕೃತಿಯ ಒಂದು ವಿನೋದ. ಹುಣಸೆಯ ಬೀಜಕ್ಕೆ ಇಷ್ಟು ಪ್ರಯಾಸ ಬೇಡ. ಒಂದು ಹಗಲಿರುಳು ತಣ್ಣೀರಿನಲ್ಲಿ ನೆನೆಸಿದರೆ ಸಾಮಾನ್ಯವಾಗಿ ಸಾಕು.

ಎರಡನೆಯದು ಅಲ್ಪಾಯುವಾದ ಬೀಜ. ಬೇವಿನ ಹಣ್ಣು ಜೂನ್, ಜುಲೈ ತಿಂಗಳುಗಳಲ್ಲಿ, ಮಳೆಯೊಡನೆಯೇ ಉದುರುತ್ತದೆ. ಅದು ಕಾಯುವ ಬೀಜವಲ್ಲ. ಕೆಲವೇ ವಾರಗಳಲ್ಲಿ ಅದರ ಮೊಳೆಯುವ ಶಕ್ತಿ ಕುಂದಿಹೋಗುವುದು. ಹಳದಿಗೆ ತಿರುಗಿದ ಹಣ್ಣನ್ನು ಆಯ್ದು, ತಿರುಳನ್ನು ಉಜ್ಜಿ ತೊಳೆದು, ನೆರಳಿನಲ್ಲಿ ಒಣಗಿಸಿ, ತಡಮಾಡದೆ ಬಿತ್ತಬೇಕು. ಎಣ್ಣೆಗೆಂದು ಬಿಸಿಲಿನಲ್ಲಿ ಹರವಿ ಮೂಟೆ ಕಟ್ಟಿಟ್ಟ ಬೇವಿನ ಬೀಜವನ್ನು ತಂದು ಪಾತಿಯಲ್ಲಿ ಹಾಕಿ, ನೆಲ ಕೆಟ್ಟದ್ದೆಂದು ನಿಟ್ಟುಸಿರು ಬಿಡುವುದು ನ್ಯಾಯವಲ್ಲ.

ಮೂರನೆಯದು ಬೇರೇ ಮುಂದಾಗುವ ಬೀಜ. ಕಮರವು ಇದಕ್ಕೆ ಒಳ್ಳೆಯ ಉದಾಹರಣೆ. ಮೊಳೆತೊಡನೆ ಇದರ ತಾಯಿಬೇರು ನೀರನ್ನರಸಿ ನೇರವಾಗಿ ಪಾತಾಳಕ್ಕಿಳಿಯುತ್ತದೆ; ಮೇಲಿನ ಕಾಂಡವಾದರೋ ಮೊದಲ ವರ್ಷಗಳಲ್ಲಿ ಬೆಳೆಯುವಂತೆಯೇ ಕಾಣುವುದಿಲ್ಲ. ಇದನ್ನು ಸಣ್ಣ ಚೀಲದಲ್ಲಿ ಬೆಳೆಸಿದರೆ ಬೇರು ತಳವನ್ನು ಮುಟ್ಟಿ ಸುರುಳಿ ಸುತ್ತಿಕೊಳ್ಳುವುದು. ಸುರುಳಿಬೇರಿನ ಗಿಡ ಮೇಲೆ ಹಸುರಾಗಿ ಕಂಡರೂ ಆಳದ ತೇವವನ್ನು ಮುಟ್ಟಲಾರದೆ ಮೊದಲ ಬೇಸಗೆಯಲ್ಲಿಯೇ ಸೋಲಬಹುದು. ಆದಕಾರಣ ಕಮರವನ್ನು ನಿಲ್ಲತಕ್ಕ ಸ್ಥಳದಲ್ಲಿಯೇ ಬಿತ್ತುವುದು ಮೇಲು; ಇಲ್ಲವಾದರೆ ಉದ್ದವಾದ ಚೀಲಗಳಲ್ಲಿ ಬೆಳೆಸಿ ಬೇಗನೆ ನೆಡಬೇಕು.

ಶ್ರೀಗಂಧದ ಕಥೆ ಇವೆಲ್ಲಕ್ಕಿಂತಲೂ ವಿಚಿತ್ರ. ಅದರ ಬೇರು ನೆರೆಗಿಡದ ಬೇರಿಗೆ ಅಂಟಿಕೊಂಡು ನೀರನ್ನೂ ಲವಣಗಳನ್ನೂ ಹೀರುವುದು. ಒಂಟಿಯಾಗಿ ಬೆಳೆಸಿದ ಸಸಿ ಸೊರಗುತ್ತದೆ. ಚೀಲದಲ್ಲಿಯೇ ಅದರ ಪಕ್ಕದಲ್ಲಿ ಒಂದು ತೊಗರಿಯ ಗಿಡವನ್ನು ಎಬ್ಬಿಸಿದರೆ ಅದಕ್ಕೆ ಬೇಕಾದ ಆಸರೆ ದೊರೆಯುವುದು.

ಇನ್ನು ಸಸಿಮಡಿಯ ವಿಚಾರ. ಬೀಜದ ದಪ್ಪದ ಎರಡರಷ್ಟು ಆಳಕ್ಕೆ ಬಿತ್ತಿದರೆ ಸಾಕು. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಸೇರಿದ ಮಿಶ್ರಣ ಉತ್ತಮ. ನೀರು ಕಡಮೆಯಾಗಿ ಸಾಯುವ ಎಳೆಯ ಸಸಿಗಳಂತೆಯೇ ನೀರು ಹೆಚ್ಚಾಗಿ ಬುಡ ಕೊಳೆತು ಸಾಯುವ ಸಸಿಗಳೂ ಉಂಟು. ನೆಡುವುದಕ್ಕೆ ಕೆಲವು ವಾರಗಳ ಮೊದಲು ನೆರಳನ್ನೂ ನೀರನ್ನೂ ಕ್ರಮವಾಗಿ ಕಡಮೆ ಮಾಡಬೇಕು. ಮುದ್ದಿನಿಂದ ಬೆಳೆದ ಸಸಿಯನ್ನು ಒಮ್ಮೆಗೇ ಕುಷ್ಟಗಿಯ ಬಯಲಿಗೆ ಒಯ್ದು ನಿಲ್ಲಿಸಿದರೆ ಅದು ತಾಳಲಾರದು.

ನೆಡುವಾಗ ನೆಲದ ಜಾತಿಯನ್ನು ನೋಡತಕ್ಕದ್ದು. ಯಲಬುರ್ಗಾ, ಕುಷ್ಟಗಿಗಳ ಎರೆಭೂಮಿ ಬೇಸಗೆಯಲ್ಲಿ ಬಿರುಕುಬಿಟ್ಟು ಎಳೆಯ ಬೇರುಗಳನ್ನು ಹರಿಯುತ್ತದೆ. ಅಲ್ಲಿ ಬುಡದ ಸುತ್ತ ಸೊಪ್ಪು, ದಂಟುಗಳ ಹೊದಿಕೆ ಅವಶ್ಯ. ಕೆಂಪುನೆಲದಲ್ಲಿ ನೀರು ನಿಲ್ಲದೆ ಓಡಿಹೋಗುವುದರಿಂದ ಇಳಿಜಾರಿನ ಕಡೆಗೆ ಅರ್ಧಚಂದ್ರಾಕೃತಿಯ ಬದು ಹಾಕಬೇಕು. ಗಂಗಾವತಿಯಲ್ಲಿ ತುಂಗಭದ್ರೆಯ ಕಾಲುವೆ ಬಂದು ಬತ್ತ ಬೆಳೆದ ಮೇಲೆ ಕಷ್ಟವೇ ಬೇರೆ. ತಗ್ಗಿನ ಹೊಲಗಳಲ್ಲಿ ನೀರು ನಿಂತು ಚೌಳು ಏಳುತ್ತದೆ. ಅಲ್ಲಿ ಬೇವು ನಿಲ್ಲದು, ಹೊಂಗೆ ನಿಂತೀತು. ಒಂದೇ ಜಿಲ್ಲೆಗೆ ಒಂದೇ ಬಗೆಯ ಸಸಿಯನ್ನು ಗಾಡಿಗಟ್ಟಲೆ ಹಂಚುವುದು ಏಕೆ ವ್ಯರ್ಥವೆಂಬುದು ಇದರಿಂದ ತಿಳಿಯುವುದು.

ಗುಂಡಿಯನ್ನು ಬೇಸಗೆಯಲ್ಲಿಯೇ, ಎರಡಡಿ ಆಳಕ್ಕೆ ತೋಡಿಟ್ಟಿರಬೇಕು. ಮೊದಲ ಹದಮಳೆ ನೆಲದೊಳಕ್ಕೆ ಇಳಿದ ಕೂಡಲೇ ನೆಟ್ಟರೆ ಬೇರಿಗೆ ಮಳೆಗಾಲವೆಲ್ಲ ದೊರೆಯುವುದು. ಸುತ್ತ ಜಾಲಿಮುಳ್ಳಿನ ಬೇಲಿ ಇರಲಿ. ಮೊದಲ ಎರಡು ಬೇಸಗೆಗಳಲ್ಲಿ, ತಳದಲ್ಲಿ ಸಣ್ಣ ತೂತು ಮಾಡಿ ಬತ್ತಿ ತೂರಿಸಿದ ಗಡಿಗೆಯೊಂದನ್ನು ಬುಡದ ಬಳಿ ಹೂಳಿ ವಾರಕ್ಕೊಮ್ಮೆ ತುಂಬಿದರೆ, ಅಲ್ಪ ನೀರಿನಲ್ಲಿಯೇ ಗಿಡವು ಬದುಕಬಲ್ಲುದು.

ಪಟ್ಟಣವಾಸಿಗಳಾದ ನಮಗೆ ಇದರಲ್ಲಿ ಏನು ಪಾಲು ಎಂದು ಕೇಳಬಹುದು. ನಮ್ಮ ಬೀದಿಯ ಬೇವಿನ ಹಣ್ಣುಗಳು ಪ್ರತಿ ವರ್ಷವೂ ಕಾಲಡಿಯಲ್ಲಿ ಅರೆದುಹೋಗುತ್ತವೆ. ಸಕಾಲದಲ್ಲಿ ಆಯ್ದರೆ ಅವುಗಳಲ್ಲಿ ಎಷ್ಟೋ ಗಿಡಗಳಾದಾವು. ಸಂಘಸಂಸ್ಥೆಗಳು ಸಸಿ ನೆಟ್ಟ ಲೆಕ್ಕವನ್ನು ಹೇಳಿದಾಗ, ಮೂರು ವರ್ಷದ ಹಿಂದೆ ನೆಟ್ಟವುಗಳಲ್ಲಿ ಉಳಿದವೆಷ್ಟು ಎಂದು ವಿನಯದಿಂದ ಕೇಳುವುದೂ ನಮ್ಮ ಕೈಲಾದ ಸೇವೆಯೇ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದೀತೆಂದು ತಿಳಿದವರು ಬೀಜವನ್ನೂ ಬೇರನ್ನೂ ಮೊದಲಿನಿಂದಲೇ ಎಚ್ಚರದಿಂದ ನೋಡಿಕೊಳ್ಳುವರು.